ಮಾತ್ರೆಯ ನೈವೇದ್ಯ

ಎದೆನೋವು ಬಂದವರು ಆಸ್ಪತ್ರೆಗೆ ಯಾಕೆ ತಡವಾಗಿ ಬರುತ್ತಾರೆ ಎಂದು ಕೇಳಿಕೊಂಡು ಊರೂರು ತಿರುಗುವುದು ನನ್ನ ಕೆಲಸ. ತುಮಕೂರಿನ ಒಂದು ವೈದ್ಯಕೀಯ ಕಾಲೇಜಿನ ಎಮರ್ಜೆನ್ಸಿ ವಿಭಾಗದಲ್ಲಿ ನರ್ಸ್ ಆಗಿದ್ದವಳನ್ನು ಅಲ್ಲಿನ ದೊಡ್ಡ ಡಾಕ್ಟರು ಸಂಶೋಧನೆಗೆ ಎಳೆದುಕೊಂಡರು. ‘ನಿಮ್ಗೆ ಬಾಯಿ ಜೋರು, ನಿಮ್ಮ ಹತ್ರ ಜನ ಮಾತಾಡ್ತಾರೆ’ ಎಂಬುದು ಅವರು ಕೊಟ್ಟ ಕಾರಣ. ಹೊಗಳಿದರೋ ತೆಗಳಿದರೋ ಇವತ್ತಿಗೂ ನನಗೆ ಗೊತ್ತಿಲ್ಲ.

ಹೃದಯಾಘಾತವಾಗಿ ಉಳಿದು ಮನೆ ಸೇರಿದವರ ಎದುರು, ಕೆಲವೊಮ್ಮೆ ಉಳಿಯದೆ ಹೋದವರ ಮನೆಯವರ ಎದುರು ಕೂತು ಕೇಳಬೇಕು. ಸಕ್ಕರೆ ಕಾಯಿಲೆ ಇತ್ತೆ, ಬಿ.ಪಿ. ಇತ್ತೆ, ಬೀಡಿ ಸೇದುತ್ತಿದ್ದರೆ, ಹೊಗೆಸೊಪ್ಪು ಹಾಕುತ್ತಿದ್ದರೆ? ಇವಕ್ಕೆಲ್ಲ ಜನ ಪಟಪಟನೆ ಉತ್ತರ ಹೇಳುತ್ತಾರೆ. ನೋವು ಶುರುವಾದದ್ದಕ್ಕೂ ಮನೆ ಬಿಟ್ಟದ್ದಕ್ಕೂ ನಡುವೆ ಏನಾಯಿತು ಎಂದು ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ ಹಾಗೆ ಉಳಿದುಬಂದ ಒಬ್ಬಾಕೆ ನನ್ನ ಪ್ರಶ್ನೆಗೆ ನಕ್ಕೇಬಿಟ್ಟಳು.

“ಏನಾಯ್ತು ಅಂದ್ರೆ? ಏನೂ ಆಗ್ಲಿಲ್ಲ ಕಣಕ್ಕ. ಹಸ ಕರೆದೆ, ಡೈರಿಗೆ ಹಾಲು ಹಾಕ್ಬಂದೆ, ಮುದ್ದೆ ತೊಳಸ್ದೆ, ಆಮ್ಯಾಕೆ ಹೊರಟ್ವಿ.”

“ಎಡಗೈ ಎತ್ತಕ್ಕೇ ಆಗ್ತಿರ್ಲಿಲ್ಲ ಅಂದ್ರಲ್ಲ, ಮುದ್ದೆ ಹೆಂಗೆ ತೊಳಸಿದ್ರಿ?”

“ಬಲಗೈ ಇತ್ತಲ್ಲ!”

ನನಗೆ ಪಿತ್ತ ನೆತ್ತಿಗೇರಿತು. ಹೃದಯ ಒಳಗೇ ಸಾಯುತ್ತಿರುವಾಗ ಮುದ್ದೆ ತೊಳಸುತ್ತಾಳಂತೆ, ಅದನ್ನು ಉಂಡವರೊಬ್ಬರೂ ಅವಳ ಮುಖ ನೋಡಲಿಲ್ಲವಂತೆ! ಜೀಪು ಹತ್ತಿ ತುಮಕೂರು ಮುಟ್ಟುವವರೆಗೂ ಡ್ರೈವರ್‌ನ ಮೇಲೆ ರೇಗಾಡಿದೆ. ಪಾಪ, ಆತ ಏನು ಮಾಡಿದ್ದ.

ನಮ್ಮ ಡಾಕ್ಟರು ಇದಕ್ಕೆಲ್ಲ ಒಂದೇ ಹೆಸರಿಟ್ಟಿದ್ದರು, ‘ಅರಿವಿನ ಕೊರತೆ’ ಅಂತ. ಜನಕ್ಕೆ ಗೊತ್ತಿಲ್ಲ, ಗೊತ್ತಾದರೆ ಬೇಗ ಬರುತ್ತಾರೆ ಎಂಬುದು ಅವರ ನಂಬಿಕೆ. ನನ್ನದೂ ಅದೇ ಆಗಿತ್ತು. ಹಾಗಾಗಿ ಪ್ರಶ್ನೆ ಕೇಳುವುದರ ಜೊತೆಗೆ ಸ್ತ್ರೀಶಕ್ತಿ ಸಂಘಗಳಲ್ಲಿ, ಶಾಲೆಯ ಜಗುಲಿಗಳಲ್ಲಿ ನಿಂತು ಭಾಷಣ ಬಿಗಿಯುವ ಕೆಲಸವೂ ನನಗೇ ಬಂತು. ಹೆಂಗಸರಿಗೆ ಎಷ್ಟೋ ಸಲ ಎದೆ ನೋಯುವುದೇ ಇಲ್ಲ, ದವಡೆ ಹಿಡಿಯುತ್ತದೆ, ಬೆನ್ನು ಹಿಡಿಯುತ್ತದೆ, ತಣ್ಣನೆ ಬೆವರು ಬರುತ್ತದೆ, ಸುಮ್ಮನೆ ಕೂರಬೇಡಿ ತಾಯಂದಿರಾ ಎಂದು ಹೇಳುವುದು.

ಈ ಭಾಷಣದ ತಾಲೀಮು ನಡೆಯುತ್ತಿದ್ದುದು ಗುಬ್ಬಿಯ ನಮ್ಮ ಮನೆಯಲ್ಲಿ, ನನ್ನ ಅತ್ತೆಯ ಮುಂದೆ. ಅವರು ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದರು. ಕೇಳಿ ಕೇಳಿ ಅವರಿಗೆ ಬಾಯಿಪಾಠವಾಗಿಹೋಯಿತು. ಬೀದಿಯಲ್ಲಿ ಯಾರಾದರೂ ಭುಜ ಉಜ್ಜಿಕೊಂಡರೆ ಸಾಕು, ‘ದವಡೆ ಹಿಡ್ದೈತಾ? ಬೆವರು ಬಂತಾ?’ ಎಂದು ವಿಚಾರಣೆ ಶುರುಮಾಡುತ್ತಿದ್ದರು. ‘ಅತ್ತೆ, ನೀವು ಸುಮ್ನಿರಿ, ಜನ ಹೆದರ್ಕೊಂಡು ನಮ್ಮನೆ ಮುಂದೆ ಓಡಾಡೋದೇ ಬಿಡ್ತಾರೆ’ ಎಂದು ನಾನು ರೇಗಿಸುತ್ತಿದ್ದೆ.

ನಮ್ಮದು ಲಿಂಗ ಕಟ್ಟುವ ಮನೆತನ. ನಾನು ಹೆಸರಿಗೆ ಕಟ್ಟಿಕೊಂಡವಳು, ಅತ್ತೆ ಹಾಗಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟುಕೊಂಡು ಪೂಜೆ ಮಾಡುವವರೆಗೂ ಗುಟುಕು ನೀರು ಕುಡಿಯುವುದಿಲ್ಲ. ಆಮೇಲೂ ಅಷ್ಟೇ. ಕಾಫಿಯಿರಲಿ, ಕಡಲೆಕಾಯಿಯಿರಲಿ, ಮೊದಲು ಲಿಂಗಕ್ಕೆ ತೋರಿಸಿ ಆಮೇಲೆ ಬಾಯಿಗೆ. ಅವರ ಬಿ.ಪಿ. ಮಾತ್ರೆಯನ್ನು ಖಾಲಿ ಹೊಟ್ಟೆಗೆ ಕೊಡಲು ನಾನು ಮಾಡಿದ ಪ್ರಯತ್ನಗಳೆಲ್ಲ ನೀರಿನಲ್ಲಿ ಹೋಮವಾಗಿದ್ದವು.

ಆವತ್ತು ಕಾಲೇಜಿನಲ್ಲಿ ನಮ್ಮ ಸಂಶೋಧನೆಯ ದೊಡ್ಡ ಮೀಟಿಂಗ್. ಬೆಂಗಳೂರಿನಿಂದ ಡಾಕ್ಟರುಗಳು ಬರುವವರಿದ್ದರು. ನಾವು ಕಂಡುಕೊಂಡದ್ದನ್ನು ಅವರೆದುರು ನಿಂತು ನಾನೇ ಹೇಳಬೇಕಿತ್ತು. ಅಂಥ ಅವಕಾಶ ನನಗೆ ಅದೇ ಮೊದಲು. ವಾರದಿಂದ ಮನೆಯಲ್ಲಿ ಅದೇ ಮಾತು. ಯಾವ ಸೀರೆ ಉಡಬೇಕು ಎಂದು ನನಗಿಂತ ಅತ್ತೆಗೇ ಹೆಚ್ಚು ಯೋಚನೆ. ನನ್ನ ಗಂಡ ಬಿದರೆಹಳ್ಳ ಕಾವಲ್‌ನ ಕಾರ್ಖಾನೆಗೆ ಫಸ್ಟ್ ಶಿಫ್ಟ್ ಎಂದು ಬೇಗ ಹೊರಟುಹೋಗಿದ್ದ. ನಾನು ಸೀರೆ ಉಟ್ಟು, ಬ್ಯಾಗು ಹೆಗಲಿಗೆ ಹಾಕಿ, ಹೇಳಿಹೋಗೋಣ ಎಂದು ಹಿತ್ತಲ ಕಡೆ ಬಂದೆ.

ಅತ್ತೆ ಬಚ್ಚಲುಮನೆಯ ಹೊಸ್ತಿಲ ಮೇಲೆ ಕೂತಿದ್ದರು. ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಇನ್ನೂ ಸ್ನಾನವಾಗಿರಲಿಲ್ಲ.

“ಹೊರಟ್ಯಾ? ಹೋಗು ಹೋಗು, ಬಸ್ ತಪ್ಪುತ್ತೆ” ಎಂದರು.

“ಯಾಕೆ ಅತ್ತೆ, ಇಲ್ಲಿ ಕೂತಿದ್ದೀರಿ?”

“ಹಲ್ಲು ನೋವು ಕಣೇ. ಹೋಗು ನೀನು.”

ಬಲ ದವಡೆಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದರು. ಸರಿ ಎಂದು ಎರಡು ಹೆಜ್ಜೆ ಇಟ್ಟವಳು ನಿಂತೆ. ಆ ಕಡೆಯ ಹಲ್ಲುಗಳನ್ನು ಕೀಳಿಸಲು ಕರೆದುಕೊಂಡು ಹೋಗಿದ್ದವಳು ನಾನೇ.

“ಅತ್ತೆ, ಆ ಕಡೆ ನಿಮ್ಗೆ ಹಲ್ಲೇ ಇಲ್ವಲ್ಲ!”

 ಹತ್ತಿರ ಹೋಗಿ ಹಣೆ ಮುಟ್ಟಿದೆ. ಚಳಿಯ ಬೆಳಿಗ್ಗೆಯಲ್ಲಿ ಹಣೆ, ಕತ್ತು, ರವಿಕೆಯ ಬೆನ್ನು ಎಲ್ಲ ತೊಯ್ದಿದ್ದವು. ಅಯ್ಯೋ ಶಿವನೇ! ನೂರಾರು ಹೆಂಗಸರಿಗೆ ಹೇಳಿದ್ದೆಲ್ಲ ನನ್ನ ಮನೆಯ ಹೊಸ್ತಿಲ ಮೇಲೆ ಕೂತಿತ್ತು. ಆಂಬುಲೆನ್ಸ್‌ಗೆ ಫೋನ್ ಮಾಡಿದೆ. 

ಬ್ಯಾಗಿನಲ್ಲಿ ಆಸ್ಪಿರಿನ್ ಇತ್ತು. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಮಾತ್ರೆ. ಇಂಥ ಹೊತ್ತಿನಲ್ಲಿ ನುಂಗದೆ ಅಗಿದು ತಿನ್ನಬೇಕು. ತೆಗೆದು ಅವರ ಬಾಯಿಯ ಹತ್ತಿರ ಹಿಡಿದೆ. ಅತ್ತೆ ಮುಖ ತಿರುಗಿಸಿಕೊಂಡರು.

“ಪೂಜೆ ಆಗಿಲ್ಲ ಕಣೇ.”

“ಪೂಜೆ ಆಮೇಲೆ ಮಾಡಿ ಅತ್ತೆ! ಇದು ಹಾರ್ಟು!”

“ಗೊತ್ತು. ಸಾಯೋದಾದ್ರೆ ಬಾಯಿ ಎಂಜಲು ಮಾಡ್ಕೊಂಡು ಸಾಯಕ್ಕಿಲ್ಲ.”

ನಾನು ಕೂಗಾಡಿದೆ. ಅತ್ತೆಯ ಮೇಲೆ, ಹಂಡೆಯ ಮೇಲೆ, ಕೊನೆಗೆ ಆ ಲಿಂಗದ ಮೇಲೂ. ‘ಇದೇನು ದೇವರೋ, ನನ್ನ ಅತ್ತೆಗೆ ಶತ್ರುವೋ’ ಎಂದುಬಿಟ್ಟೆ. ಅತ್ತೆ ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡು ಕೂತರು. ಅವರ ತುಟಿ ಬಿಳಿಚಿಕೊಳ್ಳುತ್ತಿತ್ತು. ಹಟಕ್ಕೆ ಬಿದ್ದರೆ ಅವರು ಸೋಲುವವರಲ್ಲ. ಬಲವಂತವಾಗಿ ಬಾಯಿಗೆ ತುರುಕಿದರೆ ಉಗಿಯುತ್ತಾರೆ. ನಾನು ಗೆಲ್ಲಬೇಕಾದರೆ ಅವರ ದಾರಿಯಲ್ಲೇ ಹೋಗಬೇಕಿತ್ತು.

ದೇವರ ಮನೆಗೆ ಓಡಿ ವಿಭೂತಿ ಗಟ್ಟಿ, ಒಂದು ತಂಬಿಗೆ ನೀರು ತಂದೆ. “ಜ್ವರ ಬಂದಾಗ ವಿಭೂತಿ ಬಳ್ಕೊಂಡ್ರೆ ಸ್ನಾನ ಆದಂಗೆ ಅಂತ ನೀವೇ ಹೇಳಿದ್ದೀರಿ, ಸುಳ್ಳಾ?” ಎಂದೆ. ಅತ್ತೆ ಸುಳ್ಳಲ್ಲವೆಂದು ತಲೆಯಾಡಿಸಿದರು. ಹಣೆಗೆ, ತೋಳಿಗೆ ವಿಭೂತಿ ಹಚ್ಚಿದೆ. ಕರಡಿಗೆ ಬಿಚ್ಚಿ ಲಿಂಗವನ್ನು ಅವರ ಎಡ ಅಂಗೈಯಲ್ಲಿಟ್ಟು, ನಡುಗುವ ಆ ಕೈಯನ್ನು ಕೆಳಗಿನಿಂದ ನನ್ನ ಕೈಯಲ್ಲಿ ಹಿಡಿದೆ. ನೀರು ಚಿಮುಕಿಸಿದೆ. ಇಬ್ಬರೂ ನಮಃ ಶಿವಾಯ ಎಂದೆವು. ಆಮೇಲೆ ಆ ಮಾತ್ರೆಯನ್ನು ಲಿಂಗಕ್ಕೆ ತೋರಿಸಿದೆ.

“ಮಾತ್ರೆ ನೈವೇದ್ಯನೇನೇ!”

“ಬಾಯಿಗೆ ಹೋಗೋದೆಲ್ಲ ತೋರ್ಸೇ ತಾನೆ ನೀವು ತಿನ್ನೋದು? ಇವಾಗ ಇದು ಪ್ರಸಾದ. ಉಗಿಯಂಗಿಲ್ಲ, ಉಳಿಸಂಗಿಲ್ಲ. ಎಡಗಡೆ ಹಲ್ಲಲ್ಲಿ ಅಗೀರಿ.”

ನನ್ನನ್ನು ದುರುಗುಟ್ಟಿ ನೋಡುತ್ತಾ ಅಗಿದರು. ಮುಖ ಕಿವುಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಚೂರೂ ಬಿಡದೆ ತಿಂದರು. ಆಮೇಲೆ ನನ್ನ ಹೆಗಲಿಗೆ ಒರಗಿಕೊಂಡರು. ಆಂಬುಲೆನ್ಸ್ ಬಂದಾಗ ನನ್ನ ರೇಷ್ಮೆ ಸೀರೆಯ ತುಂಬ ವಿಭೂತಿಯಾಗಿತ್ತು.

ತುಮಕೂರಿನಲ್ಲಿ ನನಗೆ ಗೊತ್ತಿದ್ದ ಬಾಗಿಲಿಂದಲೇ, ನನಗೆ ಗೊತ್ತಿದ್ದ ಸ್ಟ್ರೆಚರ್ ಮೇಲೆ ಅತ್ತೆಯನ್ನು ಒಳಗೆ ತಂದೆವು. ಇ.ಸಿ.ಜಿ. ತೆಗೆಯಲು ಎದೆ ಮೇಲಿನ ಕರಡಿಗೆ ತೆಗೆಯಬೇಕು ಎಂದಾಗ ಅತ್ತೆ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ‘ಕೈಯಲ್ಲೇ ಇರ್ಲಿ ಬಿಡಮ್ಮ’ ಎಂದು ನಾನೇ ನರ್ಸಿಗೆ ಹೇಳಿದೆ. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಿದರು. ಮೇಲಿನ ಮಹಡಿಯಲ್ಲಿ ಮೀಟಿಂಗ್ ನಡೆಯುತ್ತಿತ್ತು. ನನ್ನ ಬದಲು ನಮ್ಮ ಡಾಕ್ಟರೇ ಮಾತಾಡಿದರಂತೆ. ಕೆಳಗೆ ಬಾಗಿಲ ಹೊರಗೆ ಕೂತು ನಾನು ಸೆರಗಿನ ವಿಭೂತಿಯನ್ನು ಕೊಡವುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ. 

ಅತ್ತೆ ಉಳಿದರು. ಹೃದಯದ ಒಂದು ಭಾಗ ಸೋತಿದೆ, ಇನ್ನಷ್ಟು ಬೇಗ ಬಂದಿದ್ದರೆ ಅದೂ ಉಳಿಯುತ್ತಿತ್ತು ಎಂದರು ಸ್ಟೆಂಟ್ ಹಾಕಿದ ಡಾಕ್ಟರು. ನನಗೆ ಆಶ್ಚರ್ಯವಾಯಿತು. ಕಂಡ ಕೂಡಲೇ ಹೊರಟಿದ್ದೆವಲ್ಲ? ವಾರ್ಡಿನಲ್ಲಿ ಅತ್ತೆ ಚೇತರಿಸಿಕೊಂಡ ಮೇಲೆ ಗಂಜಿ ಕುಡಿಸುತ್ತಾ ಕೇಳಿದೆ. ಕೇಳುವುದು ನನ್ನ ಕಸುಬು ತಾನೆ.

“ನೋವು ಯಾವಾಗ ಶುರುವಾಯ್ತು ಅತ್ತೆ?”

“ಕೋಳಿ ಕೂಗೋಕೂ ಮುಂಚೆ.”

“ಮತ್ತೆ ಯಾಕೆ ಹೇಳ್ಲಿಲ್ಲ? ಹಾರ್ಟು ಅಂತ ಗೊತ್ತಾಗ್ಲಿಲ್ವಾ?”

“ಗೊತ್ತಾಗ್ದೆ ಏನು? ನೀನೇ ಹೇಳ್ಕೊಟ್ಟಿದ್ದೀಯಲ್ಲ, ದವಡೆ, ಬೆವರು ಎಲ್ಲ. ಹೇಳಿದ್ರೆ ನೀನು ಮೀಟಿಂಗ್‌ಗೆ ಹೋಗ್ತಿರ್ಲಿಲ್ಲ. ನೀನು ಬಸ್ ಹತ್ತಿದ್ ಮ್ಯಾಲೆ ಪಕ್ಕದ್ಮನೆಯವ್ರನ್ನ ಕೂಗೋಣ ಅಂತಿದ್ದೆ.”

ಚಮಚ ನನ್ನ ಕೈಯಲ್ಲೇ ಉಳಿಯಿತು. ಅವರ ಮುಖದಲ್ಲಿ ತಪ್ಪು ಮಾಡಿದ ಭಾವವೇ ಇರಲಿಲ್ಲ. ಒಲೆಯ ಮೇಲೆ ಹಾಲಿಟ್ಟಿದ್ದೆ, ಆಮೇಲೆ ಇಳಿಸೋಣ ಅಂತಿದ್ದೆ ಎನ್ನುವ ಹಾಗೆ ಹೇಳಿದ್ದರು.  “ನೀವು ಸತ್ತುಹೋಗಿದ್ರೆ ನಾನು ಆ ಮೀಟಿಂಗ್ ಇಟ್ಕೊಂಡು ಏನು ಮಾಡ್ಬೇಕಿತ್ತು?” ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ಕೂಗಿದೆ. ಪಕ್ಕದ ಹಾಸಿಗೆಯವರು ಎದ್ದು ಕೂತರು.

ನಮ್ಮ ಸಂಶೋಧನೆಯ ಡಾಕ್ಟರಿಗೆ ಹೋಗಿ ಹೇಳಿದೆ. ಅರಿವಿನ ಕೊರತೆ ಅಲ್ಲ ಸಾರ್, ನಮ್ಮತ್ತೆಗೆ ಅರಿವು ನನ್ನಷ್ಟೇ ಇತ್ತು ಎಂದೆ.  ಸಕ್ಕರೆ, ಬಿ.ಪಿ., ಬೀಡಿ ಎಂದು ಅಪಾಯಗಳನ್ನು ಕೇಳುತ್ತಾ ಬಂದ ನಾವು, ಇನ್ನೊಬ್ಬರ ಕೆಲಸ ಕೆಡಬಾರದು ಎಂಬ ಗುಣವೂ ಜೀವಕ್ಕೆ ಅಪಾಯ ಎಂದು ಎಣಿಸಿರಲಿಲ್ಲ. ಅದನ್ನು ನಾವು ಒಳ್ಳೆಯತನ ಎಂದು ಕರೆಯುತ್ತೇವೆ, ಸೊಸೆ ಹುಡುಕುವಾಗ ಅದನ್ನೇ ಹುಡುಕುತ್ತೇವೆ. ಅದಕ್ಕೆ ಯಾವ ಮಾತ್ರೆ ಕೊಡುವುದು ಎಂದು ಡಾಕ್ಟರಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ.

ಈಗ ನಾನು ಹಳ್ಳಿಗೆ ಹೋದರೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತೇನೆ. ಆವತ್ತು ನಿಮ್ಮ ಮನೆಯಲ್ಲಿ ಯಾರಿಗೆ ಏನು ಕೆಲಸ ಇತ್ತು? ಹೆಂಗಸರು ಅದಕ್ಕೆ ಉತ್ತರ ಹೇಳುತ್ತಾರೆ. ಮಗಳ ಪರೀಕ್ಷೆ, ಗಂಡನ ಕೋರ್ಟು, ತಮ್ಮನ ಮನೆಯ ಗೃಹಪ್ರವೇಶ. ಹೇಳುತ್ತಾ ಹೇಳುತ್ತಾ ಕೆಲವರು ಒಳಗೆ ಕೂತ ಮನೆಯವರ ಕಡೆ ನೋಡಿ ದನಿ ತಗ್ಗಿಸುತ್ತಾರೆ.

ಊರವರ ಮಾತು ಹಾಗಿರಲಿ, ನಮ್ಮನೆಯದೇ ನನಗೆ ದೊಡ್ಡ ಚಿಂತೆಯಾಯಿತು. ಅತ್ತೆಗೆ ಮತ್ತೆ ನೋವು ಬಂದರೆ ಹೇಳುತ್ತಾರೋ ಇಲ್ಲವೋ? ಪ್ರತಿದಿನ ಹೊರಡುವಾಗ ‘ನೋವಿದ್ಯಾ ಅತ್ತೆ?’ ಎಂದು ಕೇಳುತ್ತಿದ್ದೆ. ‘ಇಲ್ಲ ಹೋಗೇ, ದಿನಾ ಅದೇ ರಾಗ’ ಎನ್ನುತ್ತಿದ್ದರು. ನಿಜ ಹೇಳುತ್ತಿದ್ದಾರೋ ಸುಳ್ಳು ಹೇಳುತ್ತಿದ್ದಾರೋ ತಿಳಿಯದೆ ಬಸ್ಸಿನಲ್ಲಿ ಕೂತು ಒದ್ದಾಡುತ್ತಿದ್ದೆ. ಬೇರೆಯವರ ಮನೆಯಲ್ಲಿ ಕೂತು ಪ್ರಶ್ನೆ ಕೇಳುವಾಗಲೂ ಒಂದು ಕಿವಿ ಫೋನಿನ ಕಡೆಗೇ ಇರುತ್ತಿತ್ತು.

ಮೊನ್ನೆ ಮಳೆಗಾಲ ಶುರುವಾಗುವ ಹೊತ್ತು. ಕುಣಿಗಲ್‌ನಲ್ಲಿ ದೊಡ್ಡ ಶಿಬಿರವಿತ್ತು. ಜೀಪು ಮನೆ ಮುಂದೆ ನಿಂತು ಹಾರ್ನ್ ಹೊಡೆಯುತ್ತಿತ್ತು. ನಾನು ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ‘ನೋವಿದ್ಯಾ’ ಎಂದು ಕೇಳುವುದನ್ನು ಆ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದೆ. ಅತ್ತೆ ಬಾಗಿಲಿಗೆ ಬಂದು ನಿಂತರು.  ಜೀಪಿನ ಕಡೆ ನೋಡಿದರು, ನನ್ನ ಕಡೆ ನೋಡಿದರು.

“ತಡಿ ಕಣೇ” ಎಂದರು. “ಎದೇಲಿ ಏನೋ ಹಿಡ್ಕಂಡಂಗೈತೆ. ಇವತ್ತು ನೀನು ಹೋಗ್ಬ್ಯಾಡ.”

ಅದೇ ಜೀಪಿನಲ್ಲಿ ಅವರನ್ನು ಕೂರಿಸಿಕೊಂಡು ತುಮಕೂರಿಗೆ ಹೋದೆ. ಇ.ಸಿ.ಜಿ. ತೆಗೆದರು, ರಕ್ತ ನೋಡಿದರು, ಮತ್ತೊಮ್ಮೆ ನೋಡಿದರು. ಹೃದಯಕ್ಕೆ ಏನೂ ಆಗಿರಲಿಲ್ಲ. ಹಿಂದಿನ ದಿನ ಹಿತ್ತಲಲ್ಲಿ ಬಿದ್ದಿದ್ದ ತೆಂಗಿನ ಗರಿ ಎಳೆದಿದ್ದರಂತೆ, ಪಕ್ಕೆಯ ಸ್ನಾಯು ಹಿಡಿದುಕೊಂಡಿತ್ತು. ಮುಲಾಮು ಬರೆದುಕೊಟ್ಟು ಕಳಿಸಿದರು. ನಮ್ಮನ್ನು ಇಳಿಸಿ ಜೀಪು ಕುಣಿಗಲ್ಲಿಗೆ ಹೋಗಿತ್ತು, ಶಿಬಿರ ನಾನಿಲ್ಲದೆ ಮುಗಿದುಹೋಗಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೂತಿದ್ದರು. ನಾಚಿಕೆಯಾಗಿತ್ತು ಅವರಿಗೆ.

“ಸುಮ್ಸುಮ್ನೆ ನಿನ್ನ ಒಂದು ದಿನ ಹಾಳ್ ಮಾಡ್ದೆ ನೋಡು” ಎಂದರು.

ನನಗೆ ತಡೆಯಲಾಗಲಿಲ್ಲ. ಜನ ತುಂಬಿದ ಬಸ್ಸು ಎಂಬುದನ್ನೂ ನೋಡದೆ ಅವರ ಕೈ ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

“ಹಾಳ್ ಮಾಡಿ ಅತ್ತೆ. ಇನ್ನೂ ಎಷ್ಟು ದಿನ ಬೇಕಾದ್ರೂ ಹಾಳ್ ಮಾಡಿ” ಎಂದೆ.