ಬೀಗರ ಹಾಡಿನ ಹಿಂದೆ ಮುಂದೆ

ಕಡಬದ ಶಾಲೆಯಲ್ಲಿ ಬಿಸಿಯೂಟ ಮಾಡುವ ಪುಟ್ಟಗಂಗಮ್ಮನಿಗೆ ತನ್ನ ಹಾಡು ಮೊಬೈಲುಗಳಲ್ಲಿ ಓಡುತ್ತಿದೆ ಎಂದು ತಿಳಿಸಿದ್ದು ಅಲ್ಲಿನ ಒಬ್ಬ ಟೀಚರು. ನಗುತ್ತ ಫೋನನ್ನು ಅವಳ ಕಿವಿಗೇ ಹಿಡಿದರು. ಬೀಗರನ್ನು ಗೇಲಿ ಮಾಡುವ ಸೋಬಾನೆ ಪದ. ಹಿಂದೆ ಡಿಜೆ ಬಡಿತ. ಪುಟ್ಟಗಂಗಮ್ಮ ಸೌಟು ಕೆಳಗಿಟ್ಟು ಕೇಳಿದಳು. ತನ್ನ ದನಿ ಇತ್ತು. ಅಕ್ಕನ ದನಿ ಇರಲಿಲ್ಲ.

ಅಕ್ಕ ಭದ್ರಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅವತ್ತು ಪುಟ್ಟಗಂಗಮ್ಮನಿಗೆ ಅಳು ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಮದುವೆ ಮನೆಗಳಲ್ಲಿ ತಂಗಿ ಒಂದು ಸಾಲು ಎತ್ತಿಕೊಂಡರೆ ಅಕ್ಕ ಮುಂದಿನ ಸಾಲು ಹೇಳುವುದು ವಾಡಿಕೆಯಾಗಿತ್ತು. ಇಪ್ಪತ್ತೈದು ವರ್ಷದ ಹಿಂದೆ ತುಮಕೂರಿನ ಕ್ಯಾಸೆಟ್ ಅಂಗಡಿಯ ಗುಂಡಯ್ಯ ಇಬ್ಬರನ್ನೂ ಕರೆಸಿ ಎಂಟು ಹಾಡು ರೆಕಾರ್ಡ್ ಮಾಡಿಸಿದ್ದ. ಚಪ್ಪರದ ಹಾಡು ಮೊದಲು, ಬೀಗರದು ಐದನೆಯದು, ಹೆಣ್ಣು ಒಪ್ಪಿಸುವುದು ಕೊನೆಗೆ. ಹಾಗೆ ಸಾಲಾಗಿ ಜೋಡಿಸಿದವಳು ಭದ್ರಮ್ಮ.

ಶನಿವಾರ ಪುಟ್ಟಗಂಗಮ್ಮ ತುಮಕೂರಿಗೆ ಹೋದಳು. ಗುಂಡಯ್ಯನ ಅಂಗಡಿಯಲ್ಲಿ ಈಗ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. ಅವನ ಮಗಳು ಪ್ರೇಮಲತಾ ಹಳೆಯ ಕ್ಯಾಸೆಟ್ಟುಗಳ ಹಾಡನ್ನು ಯೂಟ್ಯೂಬಿಗೆ ಹಾಕುತ್ತಿದ್ದಳು.

"ಮಿಕ್ಕಿದ್ ಏಳು ಎಲ್ಲೋದ್ವು ತಾಯಿ?"

"ಈಗ್ಯಾರು ಕೂತ್ಕೊಂಡು ಎಂಟು ಹಾಡು ಕೇಳ್ತಾರೆ ಆಂಟಿ? ಅರ್ಧ ನಿಮಿಷದಲ್ಲಿ ಹಿಡಿಸ್ಲಿಲ್ಲ ಅಂದ್ರೆ ತಳ್ಬಿಡ್ತಾರೆ. ಒಂದೊಂದೇ ಬಿಟ್ರೇನೇ ಓಡೋದು."

"ನಮ್ಮಕ್ಕನ್ ದನಿ ಯಾಕ್ ತೆಗ್ದೆ?"

ಪ್ರೇಮಲತಾಳ ಮುಖ ಸಣ್ಣಗಾಯಿತು. "ತೆಗೀಲಿಲ್ಲ ಆಂಟಿ. ಬೀಟ್ ಹಾಕಿದ್ಮೇಲೆ ಮುಚ್ಚೋಯ್ತು."

ಆ ಸಂಜೆಯೇ ಅವಳು ಎಂಟನ್ನೂ ಇದ್ದ ಹಾಗೇ ಸಾಲಾಗಿ ಹಾಕಿದಳು. ತಿಂಗಳು ಕಳೆದು ಫೋನ್ ಮಾಡಿ, ಮೊದಲನೆಯದನ್ನು ಇನ್ನೂರು ಜನ, ಕೊನೆಯದನ್ನು ಹತ್ತೊಂಬತ್ತು ಜನ ಕೇಳಿದ್ದಾರೆ ಎಂದಳು. "ಬೇಜಾರ್ ಮಾಡ್ಕೋಬೇಡಿ."

"ಇಲ್ಲ ಬುಡು," ಎಂದಳು ಪುಟ್ಟಗಂಗಮ್ಮ. ನಿಜಕ್ಕೂ ಬೇಜಾರಾಗಿರಲಿಲ್ಲ. ಏನೂ ಆಗಿರಲಿಲ್ಲ.

ವೈಶಾಖದಲ್ಲಿ ಕುಣಿಗಲ್ಲಿನ ಅಂಜನಮೂರ್ತಿ ಎಂಬುವರು ಮಗಳ ಮದುವೆಗೆ ಅವಳನ್ನು ಕಾರು ಕಳಿಸಿ ಕರೆಸಿಕೊಂಡರು. ವೇದಿಕೆಯಲ್ಲಿ ಬಡಿತದ ಜೊತೆಗೆ ಬೀಗರ ಹಾಡು ಹೇಳಿಸಿದರು. ಹುಡುಗರು ಕುಣಿದರು, ಎಲ್ಲರೂ ಫೋನ್ ಎತ್ತಿ ಹಿಡಿದರು, ಶಾಲು ಹೊದಿಸಿದರು. ಅವಳು ಊಟ ಮಾಡಿ ಛತ್ರದ ಮೆಟ್ಟಿಲ ಮೇಲೆ ಕುಳಿತಳು.

ಎದುರಿಗೇ ಹೆಣ್ಣನ್ನು ಕಳಿಸಿಕೊಡುತ್ತಿದ್ದರು. ತಾಯಿ ಮಗಳು ತಬ್ಬಿಕೊಂಡು ಅಳುತ್ತಿದ್ದರೆ, "ಇನ್ನೊಂದ್ಸಲ ತಬ್ಕೊಳ್ಳಿ ಮೇಡಂ," ಎನ್ನುತ್ತಿದ್ದ ಫೋಟೋದವನು. ಪುಟ್ಟಗಂಗಮ್ಮನ ಬಾಯಿಂದ ಒಪ್ಪಿಸುವ ಹಾಡಿನ ಮೊದಲ ಸಾಲು ತಾನಾಗಿ ಹೊರಟಿತು. ಹೇಳಿ, ರೂಢಿಯಂತೆ ನಿಲ್ಲಿಸಿದಳು.

ಎರಡನೆಯ ಸಾಲು ಗುಂಪಿನ ಒಳಗಿನಿಂದ ಬಂತು. ಹೇಳಿದವಳು ಗಂಡಿನ ಕಡೆಯ ಒಬ್ಬ ಹೆಂಗಸು. ಇಬ್ಬರೂ ಹಾಡನ್ನು ಕೊನೆ ಮುಟ್ಟಿಸಿದರು. ಹೆಣ್ಣಿನ ಕಾರು ಹೋದ ಮೇಲೆ ಪುಟ್ಟಗಂಗಮ್ಮ ಆ ಹೆಂಗಸನ್ನು ಕೇಳಿದಳು, "ನಿಂಗೆಂಗವ್ವ ಗೊತ್ತು?"

"ನಮ್ಮವ್ವನ್ ಮನೇಲಿ ನಿಮ್ ಕ್ಯಾಸೆಟ್ ಇತ್ತು ಕಣಮ್ಮ. ಒಂದ್ ಮುಗುದ್ರೆ ಮುಂದಿಂದು ಬಾಯಿಗೇ ಬತ್ತದೆ. ನಿಮ್ಮಕ್ಕ ಹೇಳೋದನ್ನೇ ನಾನ್ ಕಲ್ತಿದ್ದು."

ಕೋರ ಊರಿನ ಸರ್ವಮಂಗಳಮ್ಮ ಎಂದು ಹೆಸರು ಹೇಳಿ ನಂಬರು ಕೊಟ್ಟಳು. ದನಿ ಭದ್ರಮ್ಮನ ಹಾಗಿರಲಿಲ್ಲ. ಸ್ವಲ್ಪ ಒಡಕು. ಪುಟ್ಟಗಂಗಮ್ಮ ನಂಬರು ಬರೆಸಿಕೊಂಡು ಗುಬ್ಬಿಯ ಬಸ್ಸು ಹತ್ತಿದಳು. ಕಿಟಕಿಗೆ ತಲೆಯಾನಿಸಿ ಊರು ಬರುವವರೆಗೂ ನಿದ್ದೆ ಮಾಡಿದಳು.

ಆಮೇಲೆ ಇಬ್ಬರೂ ಸೇರಿ ಮೂರು ಮದುವೆಗೆ ಹೋಗಿದ್ದಾರೆ. ಚಪ್ಪರದಿಂದ ಶುರುಮಾಡುತ್ತಾರೆ. ಸಂತೋಷವಾಗುತ್ತದೆಯೇ ಎಂದು ಟೀಚರು ಕೇಳಿದ್ದಕ್ಕೆ, "ಗೊತ್ತಾಗಾಕಿಲ್ಲ ಮೇಡಂ," ಎಂದಳು ಪುಟ್ಟಗಂಗಮ್ಮ. ಬೀಗರ ಹಾಡು ಮುಗಿಯುತ್ತಲೇ ಜನ ಊಟಕ್ಕೆ ಏಳುತ್ತಾರೆ. ಅವಳು ಸೆರಗು ಸರಿಮಾಡಿಕೊಂಡು ಆರನೆಯದನ್ನು ಎತ್ತಿಕೊಳ್ಳುತ್ತಾಳೆ.