ಕೊನೆಯ ಸೀನಿನ ಆಯೇರಿ

ಹೊಸ ಟವೆಲ್ಲಿನ ಗಂಜಿಯ ವಾಸನೆ ನನಗೆ ಆಗಿಬರುವುದಿಲ್ಲ. ಹೋದ ತಿಂಗಳು ಹಿರೇಕೆರೂರಿನ ಸಂತೆಯ ದಿನ, ತಂಗಿಯ ಹೊಸ ಮನೆಗೆ ಆಯೇರಿ, ಅಂದರೆ ಉಡುಗೊರೆಯ ಬಟ್ಟೆ, ಒಯ್ಯಬೇಕೆಂದು ಬಟ್ಟೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಹಸಿರು ಅಂಚಿನ ಬಿಳಿ ಟವೆಲ್ಲೊಂದನ್ನು ಝಾಡಿಸಿ ಬಿಚ್ಚಿದ. ಅದೇ ಅಂಚು, ಅದೇ ವಾಸನೆ... ಟವೆಲ್ಲನ್ನು ಮೂಗಿಗೆ ಹಿಡಿದು ನಿಂತುಬಿಟ್ಟಿದ್ದೆನೆಂದು ಕಾಣುತ್ತದೆ.

"ಏನ್ರೀ ಬಾಯಾರ, ಟವೆಲ್ ಐತಿ ಅದು. ಮೂಸಿ ನೋಡಿ ತಗೊಳ್ಳಾಕ ಮಾವಿನಹಣ್ಣಲ್ಲ" ಎಂದ ಅವನು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ನಾನು ಹಳ್ಳಿ ನಾಟಕಗಳಲ್ಲಿ ಹೆಣ್ಣು ಪಾತ್ರ ಮಾಡುವವಳು. ಮನೆ ಸವಣೂರಿನಲ್ಲಿ. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಕಡೆಯ ಊರುಗಳಲ್ಲಿ ನಾನು ಅಳದ ಸ್ಟೇಜು ಕಡಿಮೆ. ಊರ ಹುಡುಗರು ಎರಡು ತಿಂಗಳು ತಾಲೀಮು ಮಾಡಿರುತ್ತಾರೆ. ನಾನು ಹಿಂದಿನ ದಿನ ಬಸ್ಸಿಳಿದು ಒಮ್ಮೆ ಮಾತು ಹೊಂದಿಸಿಕೊಳ್ಳುತ್ತೇನೆ. ಮರುದಿನ ಅವರ ಹೆಂಡತಿಯೋ ತಾಯಿಯೋ ಆಗಿ, ಅತ್ತು, ಮುಖ ತೊಳೆದು ಮತ್ತೆ ಬಸ್ಸು ಹತ್ತುತ್ತೇನೆ. ಮೊದಲೆಲ್ಲ ನಾಯಕಿ, ಮೂವತ್ತೈದು ದಾಟಿದ ಮೇಲೆ ತಾಯಿ. ಎಷ್ಟೋ ನಾಯಕರನ್ನು ಕಂಡಿದ್ದೇನೆ. ಮಾತು ಮರೆತಾರು, ಕಪ್ಪು ಕನ್ನಡಕ ಮರೆತವನನ್ನು ಮಾತ್ರ ನಾನು ಕಂಡಿಲ್ಲ.

ಏಳು ವರ್ಷದ ಹಿಂದೆ ಕಂಡ ಇವನೊಬ್ಬ ಬೇರೆಯಾಗಿದ್ದ. ಹಾನಗಲ್ಲಿಗೂ ಶಿಗ್ಗಾವಿಗೂ ನಡುವಿನ ಒಂದು ಊರಿನವನು. ವಯಸ್ಸು ಇಪ್ಪತ್ತಮೂರು. ನೀರೆತ್ತುವ ಮೋಟಾರು ಸುಟ್ಟರೆ ತಂತಿ ಸುತ್ತಿ ಕೊಡುವ ಕೆಲಸ, ಹಾಗಾಗಿ ಉಗುರಿನಲ್ಲಿ ಯಾವಾಗಲೂ ವಾರ್ನಿಶಿನ ಕಪ್ಪು. ನಾನು ಬಸ್ಸಿಳಿದು ಚೀಲ ಕೆಳಗಿಡುವ ಮೊದಲೇ ಬಂದು ಕೇಳಿದ್ದ:

"ಅಕ್ಕಾರ, ಸತ್ತ ಮ್ಯಾಲ ಉಸುರು ಹೆಂಗ ಹಿಡೀಬೇಕ್ರಿ?"

"ಹಿಡೀಬ್ಯಾಡ. ಹೊಟ್ಟಿಯೊಳಗ ಸಣ್ಣಗ ಆಡಸ್ಕೋ. ನಿನ್ನ ಎದಿ ಮ್ಯಾಲ ನಾ ಸೆರಗು ಹೊಚ್ಚತೇನಿ, ಯಾರಿಗೂ ಕಾಣೂದಿಲ್ಲ."

ಕೊನೆಯ ಸೀನಿನಲ್ಲಿ ಮಗ ತಾಯಿಯ ತೊಡೆಯ ಮೇಲೆ ಪ್ರಾಣ ಬಿಡಬೇಕಿತ್ತು. ಇಡೀ ಮಧ್ಯಾಹ್ನ ಅದನ್ನೇ ಮಾಡಿಸಿದ. ಎರಡೂ ಕೈ ಎದೆಯ ಮೇಲೆ, ಅದರ ಮೇಲೆ ನನ್ನ ಸೆರಗು. ಸರಿಯಾಗಲಿಲ್ಲ ಅನ್ನುತ್ತಿದ್ದ, ಮತ್ತೆ ಸಾಯುತ್ತಿದ್ದ. ನನ್ನ ಕಾಲು ಜೋಮು ಹಿಡಿದು, "ಏ, ಸಾಕೋ ಮಾರಾಯಾ ಸಾಯೂದು, ಏಳು, ಚಾ ಕುಡಿಯೋಣ" ಎಂದು ಬೈದೆ. ಎದ್ದು ಕೂತು ನಕ್ಕ.

ಹಳ್ಳಿ ನಾಟಕದ ಆಯೇರಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಸೀನು ಯಾವುದೇ ಇರಲಿ, ಮೈಕಿನಲ್ಲಿ ಹೆಸರು ಕೂಗುತ್ತಾರೆ. ಮಾವನೋ ಗೆಳೆಯನೋ ಸ್ಟೇಜು ಹತ್ತಿ ಪಾತ್ರಧಾರಿಗೆ ಟವೆಲ್ಲು ಹೊದಿಸುತ್ತಾನೆ, ಉಂಗುರ ತೊಡಿಸುತ್ತಾನೆ. ಸತ್ತು ಬಿದ್ದವನೂ ಎದ್ದು ಕೂತು ಕೈಮುಗಿದು, ಫೋಟೊ ತೆಗೆಸಿಕೊಂಡು, ಮತ್ತೆ ಸಾಯುತ್ತಾನೆ. ಅಲ್ಲಿಯವರೆಗೆ ನಾನು ಅಳು ತಡೆದುಕೊಂಡು ಕೂತಿರಬೇಕು. ಎಷ್ಟು ಸಲ ನನಗೆ ನಗು ಬಂದಿದೆಯೋ ಏನೋ!

ಇವನು ಮಾತ್ರ ಕಮಿಟಿಯವರಿಗೆ ಖಡಕ್ಕಾಗಿ ಹೇಳಿದ್ದ: ಕೊನೆಯ ಸೀನಿನಲ್ಲಿ ಯಾರೂ ಆಯೇರಿ ಮಾಡಬಾರದು, ಮಾಡಿದರೂ ನಾನು ಏಳುವುದಿಲ್ಲ. ಮೈಕಿನಲ್ಲಿ ಎರಡು ಸಲ ಹೇಳಿದರು. ಅವನ ಅಪ್ಪ ಅದನ್ನು ಕೇಳಿಸಿಕೊಂಡರೋ ಇಲ್ಲವೋ. ಅವರು ಹಾನಗಲ್ಲಿಗೆ ಹೋಗಿ ಟವೆಲ್ಲು ತಂದಿಟ್ಟುಕೊಂಡು, ಉಳಿದವರದೆಲ್ಲ ಮುಗಿಯಲಿ, ಎಲ್ಲರಿಗಿಂತ ಕೊನೆಗೆ ನಾನು ಎಂದು ಕಾದು ಕೂತಿದ್ದರಂತೆ.

ಮಗ ಸತ್ತಿದ್ದ, ನಾನು ಸೆರಗು ಹೊದಿಸಿ ಅಳುತ್ತಿದ್ದೆ. ಅಪ್ಪ ಸ್ಟೇಜು ಹತ್ತಿ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಸಿರು ಅಂಚಿನ ಟವೆಲ್ಲು.

"ಏಳಪಾ, ತಗೋ" ಎಂದರು.

ಅವನು ಏಳಲಿಲ್ಲ. ಮಂದಿ ಸಿಳ್ಳೆ ಹೊಡೆದರು. ಯಾರೋ "ಖರೇನ ಸತ್ತಾನೋ ಏನೋ" ಎಂದು ಕೂಗಿದ. ನಾನು ಅಳುತ್ತಲೇ ಮೆಲ್ಲಗೆ "ಏಳೋ, ನಿಮ್ಮಪ್ಪ ನಿಂತಾರ" ಎಂದೆ. ರೆಪ್ಪೆ ಕೂಡ ಅಲುಗಲಿಲ್ಲ. ಅಪ್ಪನ ಮುಖ ಸಣ್ಣದಾಯಿತು. ಬಾಗಿ, ಟವೆಲ್ಲನ್ನು ಮಗನ ಎದೆಯ ಮೇಲೆ ಹರವಿ, ಯಾರನ್ನೂ ನೋಡದೆ ಇಳಿದು ಹೋದರು.

ಆಗಲೇ ಸೆರಗಿನ ಕೆಳಗೆ, ನನ್ನ ಕಡೆಗಿದ್ದ ಅವನ ಕೈ ಸರಿಯಿತು. ಟವೆಲ್ಲಿನ ಒಂದು ತುದಿಯನ್ನು ಮೆಲ್ಲಗೆ ಒಳಗೆ ಎಳೆದುಕೊಂಡು ಮುಷ್ಟಿ ಬಿಗಿಯಿತು. ಪರದೆ ಬೀಳುವವರೆಗೂ ಬಿಡಲಿಲ್ಲ. ಅದು ಕಂಡದ್ದು ನನಗೊಬ್ಬಳಿಗೆ.

"ನೋಡಿದ್ರೇನ ಅಕ್ಕಾರ, ನಾ ಏಳಲಿಲ್ಲ!" ಎಂದು ಒಳಗೆ ಬಂದವನೇ ಕುಣಿದ. ಆಮೇಲೆ ಟವೆಲ್ಲು ಮಡಚುತ್ತ, "ಅಪ್ಪ ಸಿಟ್ಟಾದ. ಇರ್ಲಿ, ನಾಕ ದಿನ ಹೋಗ್ಲಿ, ನಾನ ಹೇಳ್ತೇನಿ" ಎಂದ. ಈಗಲೇ ಹೋಗಿ ಹೇಳು ಎನ್ನಬೇಕಿತ್ತು. ನಾನು ಬಣ್ಣ ಒರೆಸಿಕೊಳ್ಳುತ್ತಿದ್ದೆ. ಹೂಂ ಎಂದೆ, ಅಷ್ಟೆ.

ಹದಿನೈದು ದಿನಕ್ಕೆ ಸುದ್ದಿ ಬಂತು. ಹಿರೇಕೆರೂರು ಕಡೆಯ ಊರೊಂದು ಅವನ ಪಾತ್ರ ನೋಡಿ ನಾಯಕನಾಗಿ ಕರೆದಿತ್ತು. ತಾಲೀಮಿಗೆ ಹೋಗುವಾಗ ಬೈಕು ನಿಂತಿದ್ದ ಟ್ರ್ಯಾಲಿಗೆ ಬಡಿದು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದ. ಸುದ್ದಿ ಬಂದಾಗ ನಾನು ಬೇರೆ ಊರಿನಲ್ಲಿ ಬಣ್ಣ ಹಚ್ಚಿಕೊಂಡು ಕೂತಿದ್ದೆ. ನಾಟಕ ಮಾಡಿದೆ. ಅಳುವ ಕಡೆ ಅತ್ತೆ, ನಗುವ ಕಡೆ ನಕ್ಕೆ.

ಮಣ್ಣಿಗೆ ಹೋಗಲಿಲ್ಲ. ನಾಟಕದವಳು ಸತ್ತ ಮನೆಗೆ ಹೋದರೆ ಮಂದಿ ಅಳುವುದು ಬಿಟ್ಟು ಅವಳನ್ನೇ ನೋಡುತ್ತಾರೆ, ಇವಳಿಗೂ ಅವನಿಗೂ ಏನಿತ್ತೋ ಅನ್ನುತ್ತಾರೆ. ಅದು ನಿಜವೂ ಹೌದು, ನನ್ನ ನೆಪವೂ ಹೌದು. ಹೀಗೆಯೇ ಏಳು ವರ್ಷ ಹೋದವು...

ಅಂದು ಬಟ್ಟೆ ಅಂಗಡಿಯಲ್ಲಿ ನಕ್ಕವರಲ್ಲಿ ಒಬ್ಬ ಗುರುತು ಹಿಡಿದು ಮುಂದೆ ಬಂದ. ಅದೇ ನಾಟಕದ ಖಳನಾಯಕ. ಈಗ ಗೋವಿನಜೋಳದ ವ್ಯಾಪಾರ ಮಾಡುತ್ತಾನೆ. ನಾನು ಸತ್ತ ಹುಡುಗನ ಅಪ್ಪನ ಬಗ್ಗೆ ಕೇಳಿದೆ.

"ಏನ್ ಹೇಳ್ಲಿ ಅಕ್ಕಾರ. ಆಗಿನಿಂದ ಅವರು ಯಾರಿಗೂ ಹೊಸ ಬಟ್ಟಿ ಕೊಟ್ಟಿಲ್ರಿ. ಮಗಳ ಲಗ್ನದಾಗ ಅಳಿಯಗ ಸುದ್ದಾ ಆಯೇರಿ ಮಾಡ್ಲಿಲ್ಲ. ಹೆಣದ ಮ್ಯಾಲ ಹೊಸ ಬಟ್ಟಿ ಹೊಚ್ಚಿದಂಗ ಜೀವಂತ ಮಗನ ಮ್ಯಾಲ ಹೊಚ್ಚಿ ಬಂದೆ, ನನ್ನ ಕೈ ಚಲೋ ಅಲ್ಲ ಅಂತಾರ."

ನನ್ನ ಮೇಲೆ ನನಗೇ ಸಿಟ್ಟು ಬಂತು. ಟವೆಲ್ಲು ಕಟ್ಟಿಸಿಕೊಂಡು ಸವಣೂರಿನ ದಾರಿ ಬಿಟ್ಟು ಆ ಊರಿನ ಬಸ್ಸು ಹತ್ತಿದೆ.

ಹುಡುಗನ ಅಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ನಾನು ಯಾರೆಂದು ಹೇಳಬೇಕಾಗಲಿಲ್ಲ. "ಬಾರವಾ, ಕುಂದರು" ಎಂದು, ಏನೂ ಕೇಳದೆ ಫೋನು ತೆಗೆದು ವಿಡಿಯೊ ಹಚ್ಚಿದರು. ಸಣ್ಣ ಪರದೆಯಲ್ಲಿ ನಾನು ಅಳುತ್ತಿದ್ದೆ. ಮಗ ಮಲಗಿದ್ದ. ಇಸ್ತ್ರಿ ಅಂಗಿಯ ಮನುಷ್ಯ ಬಾಗಿ ಟವೆಲ್ಲು ಹರವುತ್ತಿದ್ದ.

"ನೋಡವಾ, ಕೈ ಸುದ್ದಾ ಎತ್ತಲಿಲ್ಲ ಅಂವ."

"ಎತ್ತಿದ್ದ ಕಾಕಾ" ಎಂದೆ. "ನನ್ನ ಸೆರಗಿನ ಬುಡಕ ನಿಮ್ಮ ಟವೆಲ್ ಹಿಡಕೊಂಡಿದ್ದ. ಪರದೆ ಬೀಳೂತನಕ ಬಿಡಲಿಲ್ಲ. ನೀವು ಹೆಣಕ್ಕ ಹೊಚ್ಚಿಲ್ಲ. ನಿಮ್ಮ ಮಗ ಕೈಲೆ ತಗೊಂಡಾನ. ನಿಮಗ ಹೇಳ್ತೇನಿ ಅಂದಿದ್ದ."

"ಹೇಳಲಿಲ್ಲ" ಎಂದರು.

"ನಾನೂ ಹೇಳಲಿಲ್ಲ ಕಾಕಾ. ತಪ್ಪಾತು."

ಅವರು ವಿಡಿಯೊವನ್ನು ಮೊದಲಿನಿಂದ ಮತ್ತೆ ನೋಡಿದರು. ನನ್ನ ಸೆರಗು ಬಂದಲ್ಲಿ ನಿಲ್ಲಿಸಿ, ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಅವನಿದ್ದಿದ್ದರೆ ಈಗ ಮೂವತ್ತಾಗುತ್ತಿತ್ತು.

"ಯಾವ ಕೈಲೆ ತಗೊಂಡಾನವಾ?" ಎಂದು ಕೇಳಿದರು.

ನನ್ನ ಕಡೆಗಿದ್ದದ್ದು ಅವನ ಎಡಗೈ. ಆ ಕಪ್ಪು ಉಗುರು ಈಗಲೂ ಕಣ್ಣ ಮುಂದಿದೆ.

"ಬಲಗೈಲೆ, ಕಾಕಾ" ಎಂದೆ.

ಹೆಗಲ ಮೇಲಿನ ಹಳೆಯ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮತ್ತೆ ಅದನ್ನೇ ಕೇಳಿದರು. ನಾನು ಮತ್ತೆ ಅದನ್ನೇ ಹೇಳಿದೆ.