ಕಾಕಿ ಎಣ್ಣೆ ಹಚ್ಚಿದ ವಿಂಚು

ಮೊನ್ನೆ ಶಹಾಪುರದ ಬಸ್ ನಿಲ್ದಾಣದ ಎದುರಿಗೆ ಚಹಾ ಕುಡಿಯುತ್ತ ನಿಂತಿದ್ದೆ. ಕಾಲುವೆ ಕೆಲಸದವರ ಜೀಪೊಂದು ಬಂದು ನನ್ನ ಮುಂದೆಯೇ ನಿಂತಿತು. ಅದರ ಮೂತಿಗೆ ಒಂದು ವಿಂಚು ಬಿಗಿದಿತ್ತು. ನೀವು ನೋಡಿರಲಿಕ್ಕಿಲ್ಲ, ಹೇಳುತ್ತೇನೆ. ಕೆಸರಿನಲ್ಲಿ ಸಿಕ್ಕಿಬಿದ್ದ ಗಾಡಿ ತನ್ನನ್ನು ತಾನೇ ಎಳೆದುಕೊಳ್ಳಲಿ ಎಂದು ಮುಂದುಗಡೆ ಕೂಡಿಸುವ ಕಬ್ಬಿಣದ ಉರುಳೆ ಅದು. ಹಗ್ಗದ ಒಂದು ತುದಿಯನ್ನು ದಂಡೆಯ ಗಿಡಕ್ಕೆ ಕಟ್ಟಿ, ಇನ್ನೊಂದು ಕಡೆ ಉರುಳೆಗೆ ಸುತ್ತು ಹಾಕಿ ತಿರುಗಿಸಿದರೆ ಗಾಡಿ ಹಗ್ಗದ ಗುಂಟ ಮುಂದೆ ಬರುತ್ತದೆ. ಬರಬೇಕು. ಡ್ರೈವರ್ ಬೀಡಿ ಹಚ್ಚಲು ಆಚೆ ತಿರುಗಿದ ಹೊತ್ತಿಗೆ ನಾನು ಆ ಉರುಳೆಯ ಮೇಲೆ ಬೆರಳಾಡಿಸಿ ಮೂಸಿ ನೋಡಿದೆ. ಒಣಗಿತ್ತು. ಈ ವಯಸ್ಸಿನಲ್ಲಿ ಕಂಡವರ ಜೀಪನ್ನು ಮೂಸಿ ನೋಡುವ ಮುದುಕನನ್ನು ಚಹಾದಂಗಡಿಯವನು ಏನೆಂದುಕೊಂಡನೋ ಗೊತ್ತಿಲ್ಲ.

ನಿಜಾಮರ ಆಳಿಕೆ ಮುಗಿದು ನಾವು ಹಿಂದುಸ್ತಾನಕ್ಕೆ ಸೇರಿದ ಹೊಸತು. ಕಚೇರಿಯ ಬೋರ್ಡುಗಳಲ್ಲಿ ಇನ್ನೂ ಉರ್ದುವೇ ಇತ್ತು, ಒಳಗೆ ಕೂತವರು ಬದಲಾಗಿದ್ದರು. ನಾನು ಆಗಷ್ಟೇ ಮಾಸ್ತರಿಕೆಗೆ ಸೇರಿದ್ದೆ. ಉರ್ದುವಿನಲ್ಲಿ ಲೆಕ್ಕ ಕಲಿತು ಕನ್ನಡದಲ್ಲಿ ಕಲಿಸಬೇಕಾಗಿ ಬಂದ ಬಡಪಾಯಿ ನಾನು. ಇವತ್ತಿಗೂ ತರಕಾರಿ ಕೊಳ್ಳುವಾಗ ಮನಸ್ಸಿನೊಳಗೆ ದೋ, ತೀನ್, ಚಾರ್ ಎಂದೇ ಎಣಿಸುತ್ತೇನೆ. ರಜೆ ಬಂದರೆ ಕೆಂಭಾವಿಯ ನಮ್ಮ ಮನೆಗೆ ಹೋಗುತ್ತಿದ್ದೆ. ಅಲ್ಲಿ ನಮ್ಮಪ್ಪನ ತಮ್ಮ ಸಂಗಣ್ಣ ಕಾಕಾ, ಅವನ ಹೆಂಡತಿ ನೀಲಮ್ಮ ಕಾಕಿ ಮತ್ತು ಆಯಿ, ಅಂದರೆ ನನ್ನ ಅಜ್ಜಿ ಇದ್ದರು.

ದಂಡಿನವರು ಬಿಟ್ಟುಹೋದ ಸಾಮಾನು ಹೈದರಾಬಾದಿನಲ್ಲಿ ಹರಾಜಾಗುತ್ತಿದ್ದಾಗ ಕಾಕಾ ಒಂದು ಜೀಪು ಹಿಡಿದುಕೊಂಡು ಬಂದಿದ್ದ. ಕೆಂಭಾವಿಯಿಂದ ಶಹಾಪುರದ ಮೇಲೆ ಯಾದಗಿರಿ ಸ್ಟೇಶನ್ನಿಗೆ ಜನರನ್ನು ಒಯ್ಯುವುದು ಅವನ ದಂಧೆ. ಬೇಸಿಗೆಯಲ್ಲಿ ಆ ಜೀಪು ಕುದುರೆ. ಮೃಗಶಿರದ ಮೊದಲ ಮಳೆ ಬಿದ್ದರೆ ನಮ್ಮ ಎರೆನೆಲ ಗಾಲಿಗಳನ್ನು ಗಟ್ಟಿಯಾಗಿ ಹಿಡಿದು ಕೂತುಬಿಡುತ್ತಿತ್ತು. ಆಗ ಅಕ್ಕಪಕ್ಕದ ಹೊಲದವರು ಎತ್ತು ಕಟ್ಟಿ ಎಳೆಯಬೇಕು. ಎಳೆದವರು ಸುಮ್ಮನೆ ಎಳೆಯುತ್ತಾರೆಯೆ?

"ಸಂಗಣ್ಣಾ, ನಿನ್ನ ಜೀಪಿಗಿ ಪೆಟ್ರೋಲ್ ಹಾಕ್ತಿಯೋ, ಕಣಿಕಿ ಹಾಕ್ತಿಯೋ?"

ಎತ್ತಿನ ಮೇವಿನ ಈ ಮಾತನ್ನು ಕಾಕಾನಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಅವನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹೊರಗೆ ಹುಟ್ಟಿದ ಸಿಟ್ಟನ್ನು ಹೊರಗೇ ಖರ್ಚು ಮಾಡುವ ಧೈರ್ಯ ಇಲ್ಲದವರು ಅದನ್ನು ಮನೆಗೆ ತರುತ್ತಾರೆ, ಕಾಕಾ ಅಂಥವನು. ತಂದದ್ದನ್ನು ಕಾಕಿಯ ಮೇಲೆ ಸುರಿಯುತ್ತಿದ್ದ. ಅದಕ್ಕೆ ಅವನ ಬಳಿ ಸಿದ್ಧವಾದ ಒಂದು ಮಾತಿತ್ತು: "ನಿನ್ನ ಕೈಗುಣನ ಹಂತಾದ್ದು."

ಕೈಗುಣದ ಮಾತನ್ನು ಮೊದಲು ಎತ್ತಿದವಳು ಆಯಿ. ಕಾಕಿಗೆ ಮಕ್ಕಳಿರಲಿಲ್ಲ. ಅವಳು ಹಿಂಡಿದ ಎಮ್ಮೆ ಬತ್ತಿತು, ಅವಳು ಹೆಪ್ಪು ಹಾಕಿದ ಹಾಲು ಒಡೆಯಿತು ಎಂದು ಆಯಿ ಗೊಣಗುತ್ತಿದ್ದಳು. ಕಾಕಾ ಆ ಮಾತನ್ನು ಎತ್ತಿಕೊಂಡು ದಿನಬಳಕೆಗೆ ತಂದ. ಪಂಕ್ಚರ್ ಆದರೂ ಅದೇ ಮಾತು, ಸವಾರಿ ಸಿಗದಿದ್ದರೂ ಅದೇ ಮಾತು. ಕಾಕಿ ತಿರುಗಿ ಆಡುತ್ತಿರಲಿಲ್ಲ. ಆದರೆ ಹೊಸ ವಸ್ತು ಮನೆಗೆ ಬಂದರೆ ಮುಟ್ಟುವ ಮೊದಲು ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನನಗೆ ಕಾಕಾನ ಮೇಲೆ ಸಿಟ್ಟು ಬರುತ್ತಿತ್ತು. ಅವನಿಗೆ ಎದುರಾಡುವ ಗುಂಡಿಗೆ ನನಗೂ ಇರಲಿಲ್ಲ ಅನ್ನಿ.

ಆ ಬೇಸಿಗೆಯಲ್ಲಿ ಕಾಕಾ ಜೀಪಿಗೆ ವಿಂಚು ಕೂಡಿಸುತ್ತೇನೆಂದು ಹೊರಟ. ಇನ್ನು ಮೇಲೆ ಯಾರ ಎತ್ತೂ ಬೇಡ ಎಂಬುದು ಅವನ ಹಟ. ನಾನು ಓದಿದವನೆಂದು ಹೈದರಾಬಾದಿಗೆ ಜೊತೆಗೆ ಕರೆದೊಯ್ದ. ಗುಜರಿ ಬಜಾರಿನ ಒಬ್ಬ ಮುದುಕ ವ್ಯಾಪಾರಿ ಎರಡು ನಮೂನೆ ತೋರಿಸಿದ. ಒಂದು, ಕೈಯಿಂದ ತಿರುವುವ ಉರುಳೆ. ಅದಕ್ಕೆ ಉಕ್ಕಿನ ತಂತಿಹಗ್ಗ. ಇನ್ನೊಂದು ಒರಳಿನ ಗುಂಡಿನಂತೆ ನೆಟ್ಟಗೆ ನಿಲ್ಲುವಂಥದು. ಇಂಜಿನ್ನೇ ಅದನ್ನು ತಿರುಗಿಸುತ್ತದೆ. ಅದಕ್ಕೆ ಯಾವ ಹಗ್ಗವಾದರೂ ಸರಿ. ಮೂರು ನಾಲ್ಕು ಸುತ್ತು ಹಾಕಿ, ಬಿಡಿ ತುದಿಯನ್ನು ಒಬ್ಬ ಹಿಂದಕ್ಕೆ ಜಗ್ಗುತ್ತಿದ್ದರೆ ಹಗ್ಗ ಕಬ್ಬಿಣವನ್ನು ಕಚ್ಚಿ ಹಿಡಿಯುತ್ತದೆ.

ನಾನು ತಂತಿಯದೇ ಗಟ್ಟಿ ಎಂದೆ. ಅದರ ಬಗ್ಗೆ ನನಗೇನೂ ಗೊತ್ತಿರಲಿಲ್ಲ. ಕರೆದುಕೊಂಡು ಬಂದಿದ್ದಾನಲ್ಲ, ಏನಾದರೂ ಹೇಳಬೇಕು ಎಂದು ಹೇಳಿದೆ.

"ತಂತಿ ಹರೀತಂದ್ರ ಕೆಂಭಾವಿ ಸಂತ್ಯಾಗ ತಂತಿ ಸಿಗ್ತದೇನು?" ಎಂದ ಕಾಕಾ. "ಹಗ್ಗ ಸಿಗ್ತದ. ಹಗ್ಗದ್ದೇ ಇರ್ಲಿ."

ಮಾತು ಸರಿಯಾಗಿತ್ತು. ವ್ಯಾಪಾರಿ ಹಲ್ಲುಚಕ್ರಗಳ ಪೆಟ್ಟಿಗೆ ತೆರೆದು ತೋರಿಸಿ, "ಇಸ್ ಮೇ ತೇಲ್ ಡಾಲ್ತೇ ರೆಹನಾ," ಎಂದು, ಅದಕ್ಕೆ ಎಣ್ಣೆ ಹಾಕುತ್ತಿರಲು ಅಪ್ಪಣೆ ಕೊಟ್ಟ. ಉರುಳೆಯ ಬಗ್ಗೆ ಅವನು ಏನೂ ಹೇಳಲಿಲ್ಲ. ಹಗ್ಗ ಕಚ್ಚಬೇಕಾದ ಜಾಗಕ್ಕೆ ಯಾರಾದರೂ ಎಣ್ಣೆ ಹಚ್ಚಿಯಾರು ಎಂದು ಹೈದರಾಬಾದಿನವನಿಗೆ ಹೇಗೆ ಹೊಳೆಯಬೇಕು?

ಕೂಡಿಸಿದ್ದು ಸುರಪುರದ ಕಮ್ಮಾರರ ಕುಲುಮೆಯಲ್ಲಿ. ಮುಂದಿನ ಬಂಪರ್ ತೆಗೆದು ದಪ್ಪ ಪಟ್ಟಿಯೊಂದನ್ನು ಹಾಕಬೇಕಾಯಿತು. ಕರೆಂಟು ಇರಲಿಲ್ಲ, ಪಟ್ಟಿಯನ್ನು ಕೆಂಪಗೆ ಕಾಸಿ ತೂತು ಹೊಡೆದರು. ತೂತು ಒಂದು ಕೂದಲೆಳೆ ಆಚೀಚೆ ಆದರೂ ಇಂಜಿನ್ನಿನ ದಂಡಕ್ಕೂ ಉರುಳೆಯ ದಂಡಕ್ಕೂ ಸೇರುವೆ ಆಗದು. ಎರಡು ಸಲ ಬಿಚ್ಚಿ ಕೂಡಿಸಿದರು. ಕಾಕಾ ಪಕ್ಕದಲ್ಲೇ ಉಗುರು ಕಚ್ಚುತ್ತ ನಿಂತಿದ್ದ. ಕೊನೆಗೆ ಇಂಜಿನ್ ಚಾಲೂ ಮಾಡಿ ಹಿಡಿಕೆ ಒತ್ತಿದಾಗ ಉರುಳೆ ಮೆಲ್ಲಗೆ ತಿರುಗತೊಡಗಿತು. ಕುಲುಮೆಯ ಮುಂದಿನ ಬೇವಿನ ಮರಕ್ಕೆ ಹಗ್ಗ ಕಟ್ಟಿ, ಬ್ರೇಕ್ ಹಿಡಿದ ಜೀಪನ್ನೇ ಎಳೆಸಿ ನೋಡಿದ. ಕಾಕಾ ನಕ್ಕಿದ್ದನ್ನು ನಾನು ನೋಡಿದ್ದು ಅಪರೂಪ, ಅವತ್ತು ನಕ್ಕ. ಮನೆಗೆ ಬಂದಾಗ ಆಯಿ ಅದನ್ನು ನೋಡಿ, "ಜೀಪಿಗಿ ಮೂಗುದಾಣ ಹಾಕ್ಸಿದೇನೋ?" ಎಂದಳು.

ಮುಂದೆ ಕಾರಹುಣ್ಣಿಮೆ ಬಂತು. ನಮ್ಮ ಕಡೆ ಅವತ್ತು ಎತ್ತುಗಳ ಹಬ್ಬ. ಮೈ ತೊಳೆದು, ಕೋಡಿಗೆ ಎಣ್ಣೆ ಸವರಿ, ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸಿ ಆರತಿ ಎತ್ತುತ್ತಾರೆ. ಮಳೆಗಾಲವಿಡೀ ನಮಗಾಗಿ ಎಳೆಯುವ ಜೀವಕ್ಕೆ ಮೊದಲೇ ಮಾಡುವ ಉಪಚಾರ. ಕಾಕಾ ಸವಾರಿ ಬಿಟ್ಟು ಬಂದು ಒಳಗೆ ಉಣ್ಣುತ್ತಿದ್ದ. ಕಾಕಿ ಔಡಲೆಣ್ಣೆಯ ಬಟ್ಟಲು ಹಿಡಿದು ಎತ್ತುಗಳ ಕೋಡು ಸವರಿದಳು. ಬಟ್ಟಲಲ್ಲಿ ಇನ್ನೂ ಎಣ್ಣೆ ಉಳಿದಿತ್ತು. ಅಂಗಳದಲ್ಲಿ ನಿಂತ ಜೀಪನ್ನು ನೋಡಿದಳು, ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಎಳಿಯೂದು ಇದೇ ಅಲ್ಲೇನು ತಮ್ಮಾ?" ಎಂದು ನನ್ನನ್ನು ಕೇಳಿದಳು. ನಾನು ಹೋಳಿಗೆ ಬಾಯಲ್ಲಿಟ್ಟುಕೊಂಡೇ ಹೂಂ ಎಂದೆ. ಉರುಳೆಗೆ ಸುತ್ತಲೂ ಎಣ್ಣೆ ಹಚ್ಚಿ, ಅಲ್ಲೇ ಸುತ್ತಿಟ್ಟಿದ್ದ ಹಗ್ಗಕ್ಕೂ ಒಂದಿಷ್ಟು ಸವರಿ, ಕುಂಕುಮ ಇಟ್ಟು ಕೈಮುಗಿದಳು. ಎಣ್ಣೆ ಕಾಣದ ಎತ್ತನ್ನು ಹಬ್ಬದ ದಿನ ಅಂಗಳದಲ್ಲಿ ನಿಲ್ಲಿಸುವ ಹೆಣ್ಣುಮಗಳಲ್ಲ ಅವಳು.

ಅದಾಗಿ ನಾಲ್ಕೈದು ದಿನಕ್ಕೆ ಕಾಕಿಗೆ ಹೊಟ್ಟೆನೋವು ಬಂತು. ಮೊದಲು ಓಮಿನ ಕಾಳು, ಆಮೇಲೆ ಕಾಸಿದ ಇಟ್ಟಂಗಿ. ಮರುದಿನ ಬೆಳಗಿಗೆ ಬಲಗಡೆ ಕೈ ಮುಟ್ಟಿಸಿಕೊಳ್ಳದಷ್ಟು ನೋವು, ಮೈ ಕಾದ ಹಂಚು. ಊರಿಗೆ ಬಂದಿದ್ದ ಸರಕಾರಿ ಡಾಕ್ಟರು ನೋಡಿ ಕಾಕಾನನ್ನು ಹೊರಗೆ ಕರೆದರು.

"ಇವತ್ತಿನ ರೈಲಿಗೇ ಸೊಲ್ಲಾಪುರಕ್ಕೆ ಒಯ್ಯಿರಿ. ಕೊಯ್ಯಬೇಕಾಗುತ್ತದೆ. ಒಳಗೆ ಒಡೆಯಿತೆಂದರೆ ಉಳಿಯುವುದು ಕಷ್ಟ."

ಜೀಪಿನ ಹಿಂದುಗಡೆ ಕೌದಿ ಹಾಸಿ ಕಾಕಿಯನ್ನು ಮಲಗಿಸಿದೆವು. ದವಾಖಾನೆಯಲ್ಲಿ ಎಷ್ಟು ದಿನವೋ ಎಂದು ಆಯಿ ಜೋಳದ ಹಿಟ್ಟಿನ ಗಂಟನ್ನು ಅವಳ ಕಾಲ ಬಳಿ ಇಟ್ಟಳು. ಕಾಕಾ, ನಾನು ಮುಂದೆ ಕೂತೆವು. ಮೇಲಿನ ಊರುಗಳಲ್ಲಿ ರಾತ್ರಿಯೆಲ್ಲ ಮಳೆಯಾಗಿತ್ತು. ಶಹಾಪುರಕ್ಕಿಂತ ಮುಂಚೆ ಸಿಗುವ ಹಳ್ಳಕ್ಕೆ ಬಂದಾಗ ನೀರು ಕೆಂಪಗೆ ಹರಿಯುತ್ತಿತ್ತು, ಆದರೆ ಆಳವಿರಲಿಲ್ಲ. ಕಾಕಾ ಜೀಪು ಇಳಿಸಿದ. ನಡುಹಳ್ಳ ದಾಟಿದ ಮೇಲೆ ಮುಂದಿನ ಗಾಲಿ ಹುದುಲಲ್ಲಿ ಕುಸಿದವು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

"ಹೆದರಬ್ಯಾಡ, ವಿಂಚ್ ಅದ," ಎಂದ ಕಾಕಾ.

ನಾನು ಹಗ್ಗದ ತುದಿ ಹಿಡಿದು ನೀರಲ್ಲಿ ನಡೆದು ಆಚೆ ದಂಡೆಯ ಜಾಲಿ ಬೊಡ್ಡೆಗೆ ಬಿಗಿದು ಬಂದೆ. ಬರುವಾಗ ನೀರು ಮೊಣಕಾಲಿನಿಂದ ತೊಡೆಗೆ ಏರಿತ್ತು. ಕಾಕಾ ಜೀಪಿನ ಮುಂದೆ ನಿಂತು ಬಿಡಿ ತುದಿ ಜಗ್ಗುತ್ತಿದ್ದ, ನಾನು ಒಳಗೆ ಕೂತು ಇಂಜಿನ್ ನೋಡಿಕೊಂಡೆ. ಉರುಳೆ ತಿರುಗಿತು. ಹಗ್ಗ ತಿರುಗಲಿಲ್ಲ. ಕಾಕಾ ಇನ್ನೆರಡು ಸುತ್ತು ಹಾಕಿ ಹಿಂದಕ್ಕೆ ಬಾಗಿ ಜಗ್ಗಿದ. ಹಗ್ಗ ನಿಂತಲ್ಲೇ ನಿಂತು, ಕಬ್ಬಿಣ ಅದರೊಳಗೆ ನುಣ್ಣಗೆ ಜಾರುತ್ತಿತ್ತು. ನೀರು ಇನ್ನೊಂದು ಗೇಣು ಏರಿದರೆ ಇಂಜಿನ್ ನಿಲ್ಲುತ್ತದೆ. ನಿಂತರೆ ವಿಂಚೂ ಇಲ್ಲ, ಜೀಪೂ ಇಲ್ಲ. ಕಾಕಿಯನ್ನು ಎತ್ತಿಕೊಂಡು ಆ ಸೆಳವಿನಲ್ಲಿ ದಾಟುವುದು ನಮ್ಮಿಬ್ಬರಿಂದ ಆಗದ ಮಾತು.

"ಯಾಕ ನಿಂತದ?" ಹಿಂದಿನಿಂದ ಕಾಕಿಯ ದನಿ ಬಂತು. ಕಣ್ಣು ಮುಚ್ಚಿಯೇ ಇದ್ದಳು.

ಕಾಕಾ ಉರುಳೆಯ ಮೇಲೆ ಬೆರಳಿಟ್ಟು ಮೂಗಿಗೆ ಹಿಡಿದ. ಔಡಲೆಣ್ಣೆಯ ವಾಸನೆ ಕಾರಹುಣ್ಣಿಮೆ ಮಾಡಿದ ಯಾರಿಗೆ ಗೊತ್ತಾಗುವುದಿಲ್ಲ? ತಲೆ ಎತ್ತಿ ನನ್ನನ್ನು ನೋಡಿದ, ನನ್ನ ಹೆಗಲ ಮೇಲಿಂದ ಕಾಕಿಯನ್ನು ನೋಡಿದ. ಬಾಯಿ ತೆರೆದ. ಕೈಗುಣದ ಆ ಮಾತು ಬರುತ್ತದೆ ಎಂದು ನಾನು ಹಲ್ಲು ಕಚ್ಚಿದೆ. ನೋವಿನಲ್ಲಿ ಅರೆಜೀವವಾದವಳ ಕಿವಿಯ ಮೇಲೆ ಆ ಮಾತು ಬಿದ್ದರೆ ಅವಳು ದಂಡೆ ಮುಟ್ಟುವ ಆಸೆಯನ್ನೇ ಬಿಟ್ಟಾಳು ಎನಿಸಿತು. ಹಳ್ಳದ ನೀರಿಗಿಂತ ನನಗೆ ಅದರ ಹೆದರಿಕೆಯೇ ಹೆಚ್ಚಾಯಿತು.

ಕಾಕಾ ನೀರು ಸೀಳಿಕೊಂಡು ಪಕ್ಕಕ್ಕೆ ಬಂದ. ತಲೆಯ ರುಮಾಲು ಬಿಚ್ಚಿದ. ಕಾಕಿಯ ಕಾಲ ಬಳಿಯ ಹಿಟ್ಟಿನ ಗಂಟಿಗೆ ಕೈ ಹಾಕಿದ.

"ಹಿಟ್ಟ್ಯಾಕ್ರೀ?" ಎಂದಳು ಕಾಕಿ.

"ಪೂಜಿ ಮಾಡಬೇಕು. ನೀ ಸುಮ್ಮನ ಮಲ್ಕೊ."

ಎಣ್ಣೆ ಸ್ನಾನವಾದ ಮೇಲೆ ಮೈಗೆ ಹಿಟ್ಟು ಹಚ್ಚಿ ತಿಕ್ಕುತ್ತೇವಲ್ಲ, ಹಾಗೆ ಉರುಳೆಗೆ ಜೋಳದ ಹಿಟ್ಟು ಹಚ್ಚಿ ರುಮಾಲಿನಿಂದ ತಿಕ್ಕಿದ. ಮತ್ತೆ ಹಚ್ಚಿದ, ಮತ್ತೆ ತಿಕ್ಕಿದ. ಅವನ ಗಡ್ಡ, ಕೈ, ಮುಖವೆಲ್ಲ ಹಿಟ್ಟು. ನೀರು ಉರುಳೆಯ ಬುಡಕ್ಕೆ ಬಂದು ತಾಕುತ್ತಿತ್ತು. ಎಣ್ಣೆ ಹತ್ತಿದ ಹಗ್ಗದ ಭಾಗವನ್ನು ಬಿಟ್ಟು, ಉಳಿದ ಹಗ್ಗವನ್ನು ಸುತ್ತಿದ. "ಬಿಡು," ಎಂದ ನನಗೆ. ನಾನು ಹಿಡಿಕೆ ಒತ್ತಿದೆ. ಹಗ್ಗ ಒಮ್ಮೆ ಜಾರಿತು. ಆಮೇಲೆ ಕಿರ್ರೆಂದು ಕಚ್ಚಿತು. ಜಾಲಿ ಬೊಡ್ಡೆ ಬಾಗಿತು, ಜೀಪು ಮುಂದಕ್ಕೆ ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು. ದಂಡೆ ಹತ್ತಿದ ಮೇಲೆ ತಿರುಗಿ ನೋಡಿದರೆ ನಾವು ನಿಂತಿದ್ದ ಜಾಗದಲ್ಲಿ ಒಂದು ಇಡೀ ಬೇಲಿ ಮುಳ್ಳು ತೇಲಿ ಹೋಗುತ್ತಿತ್ತು.

ಯಾದಗಿರಿಯಲ್ಲಿ ರೈಲು ಸಿಕ್ಕಿತು. ಅವರಿಬ್ಬರನ್ನು ಹತ್ತಿಸಿದೆ. ಕಾಕಿ ಬದುಕಿದಳು, ಸೊಲ್ಲಾಪುರದ ಡಾಕ್ಟರು ಇನ್ನರ್ಧ ದಿನ ತಡವಾಗಿದ್ದರೆ ಆಗುತ್ತಿರಲಿಲ್ಲ ಎಂದರಂತೆ. ಅವರು ಮನೆಗೆ ಬರುವಷ್ಟರಲ್ಲಿ ನನ್ನ ರಜೆ ಮುಗಿದು ದೂರದ ಸಾಲೆಗೆ ಹೋಗಿದ್ದೆ. ಆಮೇಲೂ ಹಬ್ಬಕ್ಕೊಮ್ಮೆ ಬಂದು ಹೋಗುವ ನೆಂಟನಾದೆ. ಕಾಕಾ ಆ ಮಾತು ಮತ್ತೆ ಆಡಿದ್ದನ್ನು ನಾನು ಕೇಳಲಿಲ್ಲ, ಆದರೆ ನಾನು ಇರುವುದಿಲ್ಲವಲ್ಲ, ಹಿಂದೆ ಆಡುತ್ತಿರಬಹುದು ಎಂದುಕೊಂಡಿದ್ದೆ. ಹಳೆಯ ಸಿಟ್ಟು ನನ್ನಲ್ಲಿ ಹಾಗೇ ಉಳಿದಿತ್ತು. ಅವನು ತೀರಿಕೊಂಡಾಗ ಮಣ್ಣು ಹಾಕಿ ಬಂದೆ. ಕಣ್ಣಲ್ಲಿ ನೀರು ಬರಲಿಲ್ಲ.

ಕಾಕಿ ಈಗ ಶಹಾಪುರದಲ್ಲಿ ನಮ್ಮ ಜೊತೆಗೇ ಇದ್ದಾಳೆ. ಹಲ್ಲು ಹೋಗಿವೆ, ನಾಲಿಗೆ ಹೋಗಿಲ್ಲ. ನನ್ನ ಹೆಂಡತಿಗೂ ಅವಳಿಗೂ ಸಾರಿಗೆ ಎಷ್ಟು ಉಪ್ಪು ಎಂಬುದರ ಮೇಲೆ ದಿನಾ ಚರ್ಚೆ ನಡೆಯುತ್ತದೆ. ಮೊನ್ನೆ ಆ ಜೀಪು ನೋಡಿ ಮನೆಗೆ ಬಂದವನು ಸೀದಾ ಅವಳ ಪಕ್ಕ ಕೂತೆ. ಇಷ್ಟು ವರ್ಷದ ಮೇಲೆ ಹೇಳಿ ನಗೋಣ ಎನಿಸಿತ್ತು.

"ಕಾಕಿ, ಹಳ್ಳದಾಗ ಜೀಪು ಸಿಕ್ಕಿದ್ದು ನೆನಪದೇನು?"

"ನೆನಪಿರಲಾರದೇನು? ಅವತ್ತು ನಮ್ಮನ್ನ ದಂಡಿಗಿ ಹಾಕಿದ್ದು ನನ್ನ ಎಣ್ಣೀನೇ ಅಲ್ಲೇನು."

ನಾನು ಅವಳ ಮುಖ ನೋಡಿದೆ. "ಹಂಗಂತ ಯಾರಂದ್ರು?"

"ನಿಮ್ಮ ಕಾಕಾನೇ ಅಂದ್ರು. ದವಾಖಾನಿಂದ ಬಂದ ದಿನ ನಡುಮನ್ಯಾಗ ನಿಂತು ನಿಮ್ಮ ಆಯಿಗಿ ಹೇಳಿದ್ರು. 'ಯವ್ವಾ, ಇಕಿ ಎಣ್ಣಿ ಹಚ್ಚಿ ಕೈಮುಗಿದಿದ್ದಕ್ಕ ಆ ಯಂತ್ರ ನಮ್ಮನ್ನ ಎಳದು ತಂತು. ಇನ್ನ ಈ ಮನ್ಯಾಗ ಇಕಿ ಕೈಗುಣದ ಮಾತು ಯಾರೂ ಎತ್ತಬ್ಯಾಡ್ರಿ' ಅಂದ್ರು. ಓಣಿಯವರ ಮುಂದೂ ಅದನ್ನೇ ಹೇಳ್ಕೋತ ಅಡ್ಡಾಡಿದ್ರು."

ಕೆಂಭಾವಿಯಲ್ಲಿ ಯಾರ ಮನೆಗೆ ಹೊಸ ಬಂಡಿ ಬಂದರೂ, ಹೊಸ ಎತ್ತು ಬಂದರೂ, ಆಮೇಲೆ ಟ್ರ್ಯಾಕ್ಟರ್ ಬಂದರೂ ಮೊದಲ ಎಣ್ಣೆ ಹಚ್ಚಲು ಕಾಕಿಯನ್ನು ಕರೆಯುತ್ತಿದ್ದುದು ನನಗೆ ಗೊತ್ತಿತ್ತು. ಹಿರಿಯಳೆಂದು ಕರೆಯುತ್ತಾರೆ ಎಂದುಕೊಂಡಿದ್ದೆ. ಕಾಕಾನ ಸಲುವಾಗಿ ಅಳು ಬರಲು ಇಷ್ಟು ವರ್ಷ ಬೇಕಾಯಿತು ನನಗೆ.

"ಯಾಕ, ನೀನೂ ಇದ್ದೆಲ್ಲ ಅವತ್ತು," ಎಂದಳು ಕಾಕಿ. "ಹಂಗss ಅಲ್ಲೇನು ಆಗಿದ್ದು?"

"ಹಂಗss ಕಾಕಿ," ಎಂದೆ. "ನಾ ಕಣ್ಣಾರೆ ನೋಡೀನಿ."